ಎಮ್ಮೆಗೆ ಕಟ್ಟಿದ ಕಟ್ಟೆ

ಗಡಿಯಲ್ಲಿ ನೆಲಬಾಂಬು ಸಿಡಿದು ನನ್ನ ಅಣ್ಣನ ಬಲಗಾಲು ಹೋಯಿತು. ಪುಣೆಯ ಆಸ್ಪತ್ರೆಯಲ್ಲಿ ಕೃತಕ ಕಾಲು ಹಾಕಿಸಿಕೊಂಡು, ನಡೆಯುವುದನ್ನು ಹೊಸದಾಗಿ ಕಲಿತು, ಅಂಕಲಿಯ ನಮ್ಮ ಮನೆಗೆ ಬಂದ. ಕೋಲು ಊರಿಕೊಂಡು ಹೊಲದವರೆಗೂ ಹೋಗಿಬರುತ್ತಿದ್ದ. ಆದರೆ ಎಮ್ಮೆ ಹಿಂಡಲು ಕುಕ್ಕರಗಾಲಿನಲ್ಲಿ ಕೂರುವುದು ಆಗುತ್ತಿರಲಿಲ್ಲ. ಸೈನ್ಯದಿಂದ ರಜೆಗೆ ಬಂದಾಗಲೆಲ್ಲ ಆ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟವನಲ್ಲ. ಈಗ ಅವನ ಹೆಂಡತಿ, ನನ್ನ ವೈನಿ, ಹಾಲು ಹಿಂಡುವಾಗ ಅವನು ಕೊಟ್ಟಿಗೆಯ ಬಾಗಿಲಲ್ಲಿ ನೋಡುತ್ತ ನಿಂತಿರುತ್ತಿದ್ದ.

ಚಿಕ್ಕೋಡಿಯಲ್ಲಿ ಮಾಜಿ ಸೈನಿಕರದೊಂದು ಸಣ್ಣ ಗುಂಪಿದೆ. ಗಾಯಗೊಂಡು ಬಂದವರ ಮನೆಗಳಿಗೆ ಹೋಗಿ ಕೈಲಾದದ್ದು ಮಾಡುತ್ತಾರೆ. ಅವರು ಮೊದಲ ಸಲ ಶಾಲು, ಹಣ್ಣು ಹಿಡಿದು ಬಂದಾಗ ಅಣ್ಣ ಒಳಕೋಣೆ ಸೇರಿದವನು ಹೊರಗೆ ಬರಲೇ ಇಲ್ಲ. ವೈನಿ ಏನೋ ಸಬೂಬು ಹೇಳಿ ಕಳಿಸಿದರು.

ಕೆಲವು ದಿನ ಬಿಟ್ಟು ಅವರಲ್ಲೊಬ್ಬ ಹಿರಿಯರು ಒಬ್ಬರೇ ಬಂದರು. ಹವಾಲ್ದಾರರಾಗಿದ್ದವರು. ಎಡಗೈ ಮೊಣಕೈವರೆಗಷ್ಟೇ ಇತ್ತು.

“ಏನ್ ಬೇಕಂತ ಕೇಳಾಕ ಬಂದಿಲ್ಲಪಾ. ಚಹಾ ಕುಡ್ಯಾಕ ಬಂದೀನಿ,” ಎಂದರು. ಅಣ್ಣನಿಗೆ ಎದ್ದುಹೋಗಲು ನೆವ ಸಿಗಲಿಲ್ಲ.

ಒಂದು ಗುಟುಕು ಕುಡಿದು ವೈನಿಯತ್ತ ನೋಡಿ, “ಹಾಲು ಭಾಳ ಗಟ್ಟಿ ಐತಿ. ಯಾರವಾ ಹಿಂಡೂದು?” ಎಂದು ಕೇಳಿದರು.

“ನಾನ ರೀ. ಇವರಿಗೆ ಕೆಳಗ ಕುಂದ್ರಾಕ ಬರೂದಿಲ್ಲ.”

ಹವಾಲ್ದಾರರು ಕೊಟ್ಟಿಗೆಗೆ ಹೋಗಿ, ಎಮ್ಮೆಯ ಬೆನ್ನು ಸವರಿ ಹೊರಟುಹೋದರು.

ಮುಂದಿನ ರವಿವಾರ ಸಂಗಡಿಗರೊಂದಿಗೆ ಟೆಂಪೊದಲ್ಲಿ ಕಲ್ಲು, ಮರಳು, ಸಿಮೆಂಟು ಹೇರಿಕೊಂಡು ಬಂದರು. ಎಮ್ಮೆ ನಿಲ್ಲಲು ಮೊಣಕಾಲೆತ್ತರದ ಕಟ್ಟೆ, ಅದಕ್ಕೆ ಹತ್ತಲೊಂದು ಇಳಿಜಾರು ಕಟ್ಟುವ ವಿಚಾರ ಅವರದು. ಎಮ್ಮೆ ಮೇಲೆ ನಿಂತರೆ ಅಣ್ಣ ಕೆಳಗೆ ಸ್ಟೂಲಿನ ಮೇಲೆ, ಕಾಲು ಚಾಚಿಕೊಂಡೇ ಹಿಂಡಬಹುದಿತ್ತು.

“ನಾ ಯಾರನ್ನೂ ಕೇಳಿಲ್ರಿ,” ಎಂದ ಅಣ್ಣ.

“ನಿನಗ ಯಾರು ಕಟ್ಟಾಕತ್ತಾರೋ? ಎಮ್ಮಿಗೆ ಕಟ್ಟಾಕತ್ತೀವಿ,” ಎಂದು ಹವಾಲ್ದಾರರು ಒಂದೇ ಕೈಯಲ್ಲಿ ಮರಳಿನ ಬುಟ್ಟಿ ಎತ್ತಿದರು.

ಅಣ್ಣ ಸ್ವಲ್ಪ ಹೊತ್ತು ಮುಖ ತಿರುಗಿಸಿ ಕೂತಿದ್ದ. ಕಲ್ಲಿನ ಸಾಲು ಸೊಟ್ಟಗಾಗುವುದನ್ನು ನೋಡಲಾರದೆ ಎದ್ದು ಬಂದು ದಾರ ಹಿಡಿದ. ಆಮೇಲೆ ನಾವೆಲ್ಲ ಅವನು ಹೇಳಿದಂತೆ ಕೆಲಸ ಮಾಡಿದೆವು.

ಕಟ್ಟೆ ಒಣಗಿದರೂ ಎಮ್ಮೆ ಹತ್ತಲೊಪ್ಪಲಿಲ್ಲ. ವೈನಿ ದಿನಾ ಹಿಂಡಿಯ ಬುಟ್ಟಿ ತೋರಿಸಿ, ಮಗುವಿಗೆ ಹೇಳುವಂತೆ ಪುಸಲಾಯಿಸುತ್ತಿದ್ದರು. ಕೊನೆಗೊಂದು ಬೆಳಿಗ್ಗೆ ಅದು ತಾನಾಗಿ ಮೇಲೆ ಹೋಗಿ ನಿಂತಿತು. ಅಣ್ಣ ಸ್ಟೂಲೆಳೆದು ಕೂತ. ಚರಿಗೆಗೆ ಹಾಲು ಬೀಳುವ ಸದ್ದಿಗೆ ವೈನಿ ಹಿಟ್ಟಿನ ಕೈಯಲ್ಲೇ ಬಂದರು. ಕಣ್ಣು ತುಂಬಿದ್ದವು. ಆದರೂ ಹೇಳಿದ್ದು ಇಷ್ಟೇ: “ಚರಗಿ ಸರಿ ಹಿಡೀರಿ, ಹೊರಗ ಚೆಲ್ಲಾಕತ್ತೈತಿ.”

ಅಣ್ಣ ನಕ್ಕ. ಊರಿಗೆ ಬಂದ ಮೇಲೆ ಅವನು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಈಗ ರವಿವಾರ ಅವನೂ ಆ ಗುಂಪಿನೊಂದಿಗೆ ಹೋಗುತ್ತಾನೆ. ಮೊದಲು ಹೋದದ್ದು ತೆಲಸಂಗಕ್ಕೆ, ಕಣ್ಣು ಕಳೆದುಕೊಂಡು ಬಂದ ಸೈನಿಕನೊಬ್ಬನ ಮನೆಗೆ. ಅವನು ಒಬ್ಬನೇ ಓಡಾಡಲೆಂದು ಪಡಸಾಲೆಯಿಂದ ಬಚ್ಚಲದವರೆಗೆ ಗೋಡೆಗುಂಟ ಕೈಹಿಡಿಕೆ ಕೂಡಿಸಿ ಬಂದರು. ಸಂಜೆ ಊಟಕ್ಕೆ ಕೂತಾಗ ಅಣ್ಣ ವೈನಿಗೆ ಹೇಳಿದ: “ಅವನ ತಾಯಿ ಚಿಂತ್ಯಾಗ ಭಾಳ ಸೊರಗ್ಯಾಳ. ನಮಗ ಗಂಡಸರಿಗೆ ಆಕಿ ಕೂಡ ಮಾತಾಡಾಕ ಬರೂದಿಲ್ಲ. ಮುಂದಿನ ವಾರ ನೀನೂ ಬಾ.”

ಮುಂದಿನ ರವಿವಾರ ವೈನಿ ಹೊರಟಾಗ ಆ ತಾಯಿಗೆಂದು ಒಂದು ಡಬ್ಬಿ ತುಂಬ ಶೇಂಗಾ ಚಟ್ನಿ ಕಟ್ಟಿಕೊಂಡಿದ್ದರು.