ನಲವತ್ತೊಂದನೇ ಮರ

ನಮ್ಮೂರ ತೆಂಗು ಬೆಳೆಗಾರರ ಸಂಘಕ್ಕೆ ವೆಬ್‌ಸೈಟ್ ಮಾಡಿಕೊಟ್ಟವನು ನಾನೇ. ಜನ ಮನಸ್ಸಿಗೆ ಬಂದದ್ದು ತುಂಬುತ್ತಾರೆ ಅಂತ ಅದರಲ್ಲಿನ ಮರದ ಲೆಕ್ಕದ ಫಾರ್ಮಿಗೆ ಒಂದು ನಿಯಮ ಹಾಕಿದ್ದೆ. ಕಾಯಿ ಕೀಳುವ ಮರ, ಫಲಕ್ಕೆ ಬಾರದ ಎಳೇ ಗಿಡ, ಎರಡೂ ಕೂಡಿದರೆ ಒಟ್ಟು ಮರಕ್ಕೆ ಸರಿಹೋಗಬೇಕು. ಇಲ್ಲದಿದ್ದರೆ ‘ತಪ್ಪಾಗಿದೆ, ಮತ್ತೆ ನೋಡಿ’ ಅಂತ ಕೆಂಪಕ್ಷರ ಬರುತ್ತದೆ.

ಮೊದಲು ನಮ್ಮ ತೋಟದ್ದೇ ತುಂಬು ಅಂತ ಹೆಂಡತಿ ಕೈಗೆ ಫೋನ್ ಕೊಟ್ಟೆ. ಒಟ್ಟು ನಲವತ್ತೊಂದು, ಕೀಳುವುದು ನಲವತ್ತು, ಎಳೇದು ಸೊನ್ನೆ ಅಂತ ತುಂಬಿದಳು.

“ತಗೊಳ್ತಿಲ್ಲ ಕಣ್ರೀ.”

“ಕೂಡೋಕೂ ಬರಲ್ವೇನೇ ನಿಂಗೆ? ಇನ್ನೊಂದು ಮರ ಎಲ್ಲೋಯ್ತು?” ಅಂತ ರೇಗಿದೆ.

ಅವಳು ತಲೆ ಎತ್ತಲಿಲ್ಲ. “ಬದುವಿನ ಮೂಲೆ ಮರದಲ್ಲಿ ನಾವು ಕಾಯಿ ಕೀಳಲ್ವಲ್ರೀ.”

ನಾಲ್ಕೇ ದಿನ ಬದುಕಿದ ನಮ್ಮ ಮಗಳನ್ನು ಆ ಮೂಲೆಯಲ್ಲಿ ಮಣ್ಣು ಮಾಡಿ, ಮೇಲೆ ತೆಂಗಿನ ಸಸಿ ನೆಟ್ಟವನು ನಾನು. ಕೂಸಿನ ಮರದ ಕಾಯಿಗೆ ನಮ್ಮಲ್ಲಿ ಯಾರೂ ಕೈ ಹಾಕುವುದಿಲ್ಲ, ಅದಾಗೇ ಉದುರಬೇಕು. ನಿಯಮ ಬರೆಯುವಾಗ ನನಗೆ ಅದು ನೆನಪೇ ಆಗಲಿಲ್ಲ, ಥೂ.

“ಬುಡು, ಆ ನಿಯಮನೇ ತೆಗೀತೀನಿ” ಅಂದೆ.

ಅಷ್ಟರಲ್ಲಿ ಅವಳು, ಮನೆಗಿಂತ ಎತ್ತರ ಬೆಳೆದಿದ್ದ ಆ ಮರವನ್ನು, ಎಳೇ ಗಿಡ ಒಂದು ಅಂತ ತುಂಬಿದ್ದಳು. ಫಾರ್ಮ್ ತಗೊಂಡಿತು.