ಆಕ್ಷೇಪಣೆ ಬಂದಿಲ್ಲ

ಆ ಕಾಗದ ಈಗಲೂ ನಮ್ಮ ಚರ್ಚಿನ ಮದುವೆಯ ಫೈಲಿನಲ್ಲಿದೆ. ನಾಲ್ಕು ಸಾಲು, ಕೆಳಗೆ ನನ್ನ ಸಹಿ. ಅದನ್ನು ಬರೆಯುವ ಮುಂಚೆ ಏನೇನಾಯಿತು ಎಂಬುದನ್ನು ನೆನಪಿದ್ದಷ್ಟೇ ಹೇಳುತ್ತೇನೆ. ನೆನಪಿಲ್ಲದ್ದನ್ನು ತುಂಬಿಸುವುದಿಲ್ಲ.

ನಾನು ಜೇವರ್ಗಿಯ ಒಂದು ಖಾಸಗಿ ಶಾಲೆಯಲ್ಲಿ ಗಣಿತದ ಮಾಸ್ತರ. ಚರ್ಚಿನಲ್ಲಿ ಯುವಜನರ ಸಭೆ ನಡೆಸುವುದು ನನ್ನ ಜವಾಬ್ದಾರಿ. ಊರಿನವರು, ಕೊಳಕೂರ ಕಡೆಯವರು, ಯಡ್ರಾಮಿ ರಸ್ತೆಯ ಹಳ್ಳಿಗಳವರು ಸೇರಿ ಮೂವತ್ತು ಮಂದಿ ಇದ್ದರು. ದೇಶದಲ್ಲಿ ಕೊರೊನಾದ ಮೊದಲ ಸಾವು ನಮ್ಮ ಜಿಲ್ಲೆಯಲ್ಲೇ ಆಗಿದ್ದರಿಂದ ಚರ್ಚಿನ ಗೇಟಿಗೆ ಬೀಗ ಬಿದ್ದದ್ದೂ ಬೇರೆಯವರಿಗಿಂತ ನಮಗೆ ಮೊದಲು. ಸಭೆ ವಾಟ್ಸ್ಆ್ಯಪ್ ಗ್ರೂಪಿಗೆ ಬಂತು. ಭಾನುವಾರ ಬೆಳಿಗ್ಗೆ ಏಳಕ್ಕೆ ನಾನು ವಾಕ್ಯ ಓದಿ ಧ್ವನಿ ಕಳಿಸುತ್ತಿದ್ದೆ. ಕೇಳಿದವರು ಆಮೆನ್ ಎಂದು ಬರೆಯಬೇಕು. ಅದೇ ಹಾಜರಿ.

ಒಂದು ದಿನ ನಮ್ಮ ಓಣಿಯ ಕಿರಾಣಿ ಅಂಗಡಿಯ ಚಾಚಾ ನನ್ನನ್ನು ಕರೆದು ತಮ್ಮ ಮಗನ ಫೋನು ತೋರಿಸಿದರು. ರೋಗ ಹರಡುತ್ತಿರುವವರು ಮುಸಲ್ಮಾನರೇ, ಅವರ ಅಂಗಡಿಗೆ ಹೋಗಬೇಡಿ ಎಂಬ ಬರಹ. ಅದು ನಮ್ಮ ಗ್ರೂಪಿನಿಂದ ಹೊರಟು ಊರೆಲ್ಲ ತಿರುಗಿ ಆ ಫೋನಿಗೆ ಬಂದಿತ್ತು.

“ಮಾಸ್ತರ್, ಇದು ನಿಮ್ಮ ಹುಡುಗರ ಕೆಲಸೇನ್ರಿ? ನಿಮ್ಮ ಮನಿಗಿ ಸಕ್ಕರಿ ಕೊಡಾಂವನೂ ನಾನ, ಬ್ಯಾನಿ ಕೊಡಾಂವನೂ ನಾನ?” ಎಂದರು. ನಕ್ಕೇ ಕೇಳಿದರು. ಆ ನಗು ನೋಡಲಾಗಲಿಲ್ಲ.

ಮನೆಗೆ ಬಂದು ಗ್ರೂಪಿನ ಸೆಟ್ಟಿಂಗ್ ಬದಲಾಯಿಸಿದೆ. ಇನ್ನು ಮೇಲೆ ಅಡ್ಮಿನ್ ಮಾತ್ರ ಬರೆಯಬಹುದು, ಅಡ್ಮಿನ್ ನಾನೊಬ್ಬನೇ. ಅದು ಸರಿಯಾದ ಕೆಲಸವೆಂದು ಆಗ ಅನ್ನಿಸಿತ್ತು, ಆ ಹೊತ್ತಿಗೆ ಸರಿಯೂ ಆಗಿತ್ತು. ಆದರೆ ಚಾಚಾರ ಸಿಟ್ಟು ಇಳಿದ ಮೇಲೂ ನಾನು ಅದನ್ನು ತೆರೆಯಲಿಲ್ಲ. ಗದ್ದಲವಿರಲಿಲ್ಲ, ಎದುರುಮಾತಿರಲಿಲ್ಲ. ನನ್ನ ಧ್ವನಿಯೊಂದೇ ಸಾಲಾಗಿ ಕೂತಿರುತ್ತಿತ್ತು, ಅದು ನನಗೆ ಹಿಡಿಸಿತ್ತು. ಯಾರು ಯಾವ ಹೊತ್ತಿಗೆ ನೋಡಿದರೆಂದು ಫೋನೇ ತೋರಿಸುತ್ತಿತ್ತು. ಆಮೆನ್ ಬದಲು ಅದೇ ಹಾಜರಿಯಾಯಿತು.

ಗ್ರೂಪಿನಲ್ಲಿ ಒಬ್ಬ ಹುಡುಗಿ ಇದ್ದಳು. ಹಾಡು ಎತ್ತಿಕೊಡುವವಳು ಅವಳೇ. ಹದಿನೆಂಟು ತುಂಬಿ ಎರಡು ತಿಂಗಳಾಗಿತ್ತು. ಪಿಯುಸಿಯಲ್ಲಿ ಇಂಗ್ಲಿಷ್ ಪೇಪರ್ ಒಂದು ಬಿಟ್ಟು ಉಳಿದದ್ದೆಲ್ಲ ಬರೆದಿದ್ದಳು. ಆ ಪೇಪರ್ ಲಾಕ್‌ಡೌನಿನಿಂದ ಮುಂದಕ್ಕೆ ಹೋಗಿತ್ತು. ಅದು ಮುಗಿದರೆ ನರ್ಸಿಂಗ್ ಓದುವುದು ಅವಳ ಆಸೆ. ಕಾಲೇಜಿಗೆ ಕೊಡಲು ಒಳ್ಳೆಯ ನಡತೆಯ ಪತ್ರ ಬೇಕೆಂದು ಮೊದಲೇ ನನ್ನಿಂದ ಬರೆಸಿಕೊಂಡಿದ್ದಳು.

ಮೇ ತಿಂಗಳಲ್ಲಿ ನಮ್ಮ ಪಾಸ್ಟರ್ ಫೋನು ಮಾಡಿದರು. ಅವಳಿಗೆ ಅಫಜಲಪುರ ಕಡೆಯ ಒಂದು ಸಂಬಂಧ ಕೂಡಿಬಂದಿತ್ತು. ಈಗಲೇ ಮಾಡಿದರೆ ಹತ್ತಿಪ್ಪತ್ತು ಜನರಲ್ಲಿ ಮುಗಿಯುತ್ತದೆ ಎಂದು ಗಂಡಿನವರೂ ಅವಳ ಅಪ್ಪನೂ ಒಪ್ಪಿದ್ದರು. ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಹೆಣ್ಣು ಗಂಡಿನ ಹೆಸರು ಓದಿ, ಯಾರದಾದರೂ ಆಕ್ಷೇಪಣೆ ಇದ್ದರೆ ತಿಳಿಸಿ ಎಂದು ಕೇಳುವ ಪದ್ಧತಿ. ಚರ್ಚಿಗೆ ಬೀಗ.

“ನಿನ್ನ ಗ್ರೂಪಿನ್ಯಾಗ ಹಾಕಪಾ. ದೊಡ್ಡವರಿಗಿ ಹುಡುಗರ ಹೇಳ್ತಾವ” ಎಂದರು.

“ಹಾಕ್ತೇನ್ರಿ” ಎಂದೆ. “ಆಕಿ ಪರೀಕ್ಷಾ ಒಂದ್ ಉಳದದಲ್ರಿ?”

“ಗಂಡನ ಮನ್ಯಾಗಿದ್ದೂ ಬರೀಬಹುದಲ್ಲೋ. ನಿನ್ನ ಲೆಕ್ಕದ ಪರೀಕ್ಷಾ ಅಲ್ಲ, ಬಿಡು.”

ಇಬ್ಬರೂ ನಕ್ಕೆವು. ನಾನೂ ನಕ್ಕೆ, ಅದನ್ನು ಮುಚ್ಚಿಡುವುದಿಲ್ಲ.

ಭಾನುವಾರ ವಾಕ್ಯದ ಕೆಳಗೆ ಪ್ರಕಟಣೆ ಹಾಕಿದೆ. ಕೊನೆಯ ಸಾಲು ಎಂದಿನದೇ: ಯಾರದಾದರೂ ಆಕ್ಷೇಪಣೆ ಇದ್ದಲ್ಲಿ ತಿಳಿಸಬೇಕು. ಗ್ರೂಪಿನಲ್ಲಿ ಯಾರೂ ಬರೆಯಲಾಗದು ಎಂಬುದು ನನಗೆ ಗೊತ್ತಿತ್ತು. ಆ ಸಾಲನ್ನು ಹಾಕಿದವನೂ ನಾನೇ. ಎರಡನ್ನೂ ಒಂದೆಡೆ ಇಟ್ಟು ನೋಡಲಿಲ್ಲ.

ಎರಡನೆಯ ಭಾನುವಾರ ಮಧ್ಯಾಹ್ನ ಅವಳಿಂದ ನನಗೆ ಬೇರೆಯಾಗಿ ಒಂದು ಮೆಸೇಜ್ ಬಂತು.

“ಅಣ್ಣಾರ, ಗ್ರೂಪ್ ಓಪನ್ ಮಾಡ್ರಿ.”

“ಯಾಕ ತಂಗಿ?”

“ಎಲ್ಲಾರ ಮುಂದ ಒಂದ್ ಮಾತ ಹೇಳೋದದ.”

ಮದುವೆಗೆ ಮುಂಚೆ ದೇವರ ಉಪಕಾರ ನೆನೆದು ನಾಲ್ಕು ಮಾತು ಹೇಳುವ ರೂಢಿ ನಮ್ಮಲ್ಲಿದೆ. ಅದೇ ಇರಬೇಕೆಂದುಕೊಂಡೆ. “ಬರದು ನನಗ ಕಳಸು, ನೋಡಿ ನಾನ ಹಾಕ್ತೇನಿ” ಎಂದು ಉತ್ತರಿಸಿದೆ.

ಅವಳು ಏನೂ ಕಳಿಸಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಬರೆದಳು: “ಒಂದ್ ತಾಸ್ ಓಪನ್ ಮಾಡ್ರಿ ಸಾಕು.” ನಾನು ಕೈಮುಗಿದ ಚಿತ್ರ ಕಳಿಸಿ, ಹುಡುಗರು ಮತ್ತೆ ಏನಾದರೂ ಹಾಕಿಯಾರು, ಲಾಕ್‌ಡೌನ್ ಮುಗಿಯಲಿ ಎಂದೆ. ಫೋನು ಮಾಡಲಿಲ್ಲ. ಅವಳ ಮನೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಹಾಲಿಗೆಂದು ದಿನಾ ಬೆಳಿಗ್ಗೆ ಆ ಕಡೆಗೇ ಹೋಗುತ್ತಿದ್ದೆ.

ಮೂರನೆಯ ಭಾನುವಾರ ಸಂಜೆ ಪಾಸ್ಟರ್ ಕೇಳಿದರು, “ಯಾರರ ಏನರ ಅಂದ್ರೇನಪಾ?”

“ಇಲ್ರಿ. ಯಾರೂ ಏನೂ ಅಂದಿಲ್ಲ.”

“ಹಂಗಂತ ಬರದ್ ಕೊಡು. ಫೈಲಿಗಿ ಬೇಕು.”

ಬರೆದುಕೊಟ್ಟೆ. ಮೂರು ಭಾನುವಾರ ಪ್ರಕಟಿಸಲಾಗಿದೆ, ಯಾವುದೇ ಆಕ್ಷೇಪಣೆ ಬಂದಿಲ್ಲ.

ಮದುವೆ ಅವಳ ಮನೆಯ ಅಂಗಳದಲ್ಲಿ ಆಯಿತು. ನಾನು ಬಾಗಿಲ ಹತ್ತಿರ ಸ್ಯಾನಿಟೈಸರ್ ಬಾಟಲಿ ಹಿಡಿದು ನಿಂತಿದ್ದೆ. ನಿನಗೆ ಒಪ್ಪಿಗೆಯೇ ಎಂದು ಪಾಸ್ಟರ್ ಕೇಳಿದಾಗ ಅವಳ ಮಾಸ್ಕಿನೊಳಗಿಂದ ಬಂದ ಉತ್ತರ ನನಗೆ ಕೇಳಿಸಲಿಲ್ಲ. ಅವರಿಗೆ ಕೇಳಿಸಿರಬೇಕು, ಮುಂದುವರಿಸಿದರು. ಜೂನ್‌ನಲ್ಲಿ ಇಂಗ್ಲಿಷ್ ಪೇಪರ್ ನಡೆಯಿತು. ನಮ್ಮ ಗ್ರೂಪಿನಿಂದ ನಾಲ್ವರು ಬರೆದರು. ಅವಳು ಬರಲಿಲ್ಲ.

ಅದಾದ ಮೇಲಿನ ಎರಡನೆಯ ಕ್ರಿಸ್‌ಮಸ್‌ಗೆ ಅವಳು ಗಾಣಗಾಪುರದ ಆಚೆಯ ಗಂಡನ ಊರಿನಿಂದ ತವರಿಗೆ ಬಂದಿದ್ದಳು. ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದ ನಳದಲ್ಲಿ ಕೂಸಿನ ಕೈ ತೊಳೆಯುತ್ತಿದ್ದಳು. ಆರಾಮಿದ್ದೀಯಾ ಎಂದು ಕೇಳಿದೆ. ಆರಾಮ ಎಂದಳು. ಉಳಿದ ಪೇಪರ್ ಈಗಲೂ ಬರೆಯಬಹುದಲ್ಲ ಎಂದೆ.

“ಬರೀಬಹುದ್ರಿ. ಕೂಸಿಗಿ ನೀವ್ ಹಿಡ್ಕೋತೀರೇನು?”

ನಾನು ನಳ ನಿಲ್ಲಿಸಿದೆ. ಅವಳು ಸೆರಗಿನಿಂದ ಕೂಸಿನ ಕೈ ಒರೆಸುತ್ತ ಅಂದಳು, “ಅವತ್ತ ಗ್ರೂಪ್ ಓಪನ್ ಮಾಡಂದ್ರ ಮಾಡ್ಲಿಲ್ಲ ನೀವು.”

“ಏನ್ ಬರೀತಿದ್ದಿ?”

“ನನಗ ಈ ಮದುವಿ ಬ್ಯಾಡ ಅಂತ ಬರೀತಿದ್ದೆ. ಮತ್ತೇನ್ ಬರೀಲಿ?”

“ನನಗರ ಹೇಳಬೇಕಿತ್ತಲ್ಲ ತಂಗಿ.”

“ನಿಮಗ ಹೇಳಿದ್ರ ನೀವು ಪಾಸ್ಟರ್‌ಗಿ ಹೇಳ್ತಿದ್ರಿ. ಅವರು ಅಪ್ಪಗ ಹೇಳ್ತಿದ್ರು. ಅಪ್ಪ ಫೋನ್ ಕಸ್ಕೋತಿದ್ದ. ಅಷ್ಟೇ ಆಗ್ತಿತ್ತು. ಚರ್ಚಿನ್ಯಾಗ ಓದಿದ್ರ ನಾ ಎದ್ದ್ ನಿಂದರ್ತಿದ್ದೆ, ಅಣ್ಣಾರ. ಮಂದಿ ಮುಂದ ಎದ್ದ್ ನಿಂತಾಕಿಗಿ ಯಾರೂ ಕೂಡು ಅನ್ನಂಗಿಲ್ಲ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕೂಸನ್ನು ಎತ್ತಿಕೊಂಡು ಅವ್ವನ ಹತ್ತಿರ ಹೋದಳು.

ಮನೆಗೆ ಬಂದು ಹಳೆಯ ಮೆಸೇಜುಗಳನ್ನು ಹುಡುಕಿದೆ. ಮೂರೂ ಪ್ರಕಟಣೆಗಳ ಕೆಳಗೆ ನೋಡಿದವರ ಪಟ್ಟಿ ಇತ್ತು. ಮೂರರಲ್ಲೂ ಎಲ್ಲರಿಗಿಂತ ಮೊದಲು ನೋಡಿದವಳು ಅವಳು. ಮೂರನೆಯದನ್ನು ನಾನು ಹಾಕಿದ ನಿಮಿಷದಲ್ಲೇ ನೋಡಿದ್ದಾಳೆ. ಫೋನು ಕೈಯಲ್ಲಿ ಹಿಡಿದು ಕಾಯುತ್ತಿದ್ದಳೆಂದು ಕಾಣುತ್ತದೆ. ಅವತ್ತೂ ನಾನು ಆ ಪಟ್ಟಿ ನೋಡಿದ್ದೆ, ಅವಳನ್ನು ಹಾಜರಿ ಎಂದುಕೊಂಡಿದ್ದೆ.

ಮರುದಿನ ಪಾಸ್ಟರ್ ಹತ್ತಿರ ಹೋಗಿ, ಆ ಕಾಗದದ ಮೇಲಿನ ನನ್ನ ಸಹಿ ಹೊಡೆದುಹಾಕಬೇಕು ಎಂದೆ. ಅವರು ಪೂರ್ತಿ ಕೇಳಿದರು.

“ನೀ ಬರದದ್ದು ಖರೇನ ಅದಲ್ಲಪಾ. ಬಂದಿಲ್ಲ ಅಂತ ಬರದಿ. ಬಂದಿರಲಿಲ್ಲ. ಈಗ ಹೊಡದ್ ಹಾಕಿದ್ರ ಆ ಕೂಸಿಂದೇನು?”

ಕಾಗದ ಅಲ್ಲೇ ಉಳಿಯಿತು.

ಗ್ರೂಪು ಈಗ ತೆರೆದಿದೆ. ದಿನಾ ಬೆಳಿಗ್ಗೆ ಹೂವಿನ ಚಿತ್ರಗಳು ಬರುತ್ತವೆ. ಪ್ರಕಟಣೆಗಳನ್ನು ಮತ್ತೆ ಚರ್ಚಿನಲ್ಲೇ ಓದುತ್ತಾರೆ. ಯಾರದಾದರೂ ಆಕ್ಷೇಪಣೆ ಇದ್ದಲ್ಲಿ ತಿಳಿಸಬೇಕು ಎಂದು ಹೇಳಿ ಪಾಸ್ಟರ್ ತಲೆ ಎತ್ತಿ ನೋಡುತ್ತಾರೆ, ಆಮೇಲೆ ಹಾಡಿನ ನಂಬರು ಹೇಳುತ್ತಾರೆ. ಆ ನಡುವಿನ ಹೊತ್ತನ್ನು ನಾನು ಪ್ರತಿ ಸಲ ಎಣಿಸುತ್ತೇನೆ. ಮೂರಕ್ಕಿಂತ ಮುಂದೆ ಎಣಿಸಲು ಇದುವರೆಗೆ ಆಗಿಲ್ಲ. ಹೆಂಗಸರ ಸಾಲಿನಲ್ಲಿ ಚಾಪೆಯ ಮೇಲೆ ಕೂತ ಹುಡುಗಿ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.