ಓಡಸಾಂವನೂ ಅವನೇ, ಉಣಸಾಂವನೂ ಅವನೇ

ನಮ್ಮ ಮಲ್ಕಣ್ಣ ಕಾಕಾ ಹಗಲೆಲ್ಲಾ ಹಕ್ಕಿ ಓಡಸ್ತಿದ್ದ, ಹೊತ್ತ ಇಳೀತಂದ್ರ ಅವೇ ಹಕ್ಕಿಗಿ ಹಿತ್ತಲಕ್ಕ ಕರದು ಉಣಸ್ತಿದ್ದ. ಹೊಟ್ಟಿಪಾಡಿಗಿ ಅಂವ ಗೌಡರ ಜ್ವಾಳದ ಹೊಲ ಕಾಯ್ತಿದ್ದ. ನಾಕ ಕಂಬದ ಅಟ್ಟ, ಅದರ ಮ್ಯಾಲ ಕಾಕಾ, ಕೈಯಾಗ ಕವಣಿ. ಆ ಕವಣಿಯಿಂದ ಕಲ್ಲ ಹಾರ್ತಂದ್ರ ಗುಬ್ಬಿ ಹಿಂಡು ಒಂದ ಕೋಸ ದೂರ. ಆದ್ರ ಒಂದೇ ಒಂದು ಗುಬ್ಬಿ ಸತ್ತದ್ದ ಊರಾಗ ಯಾರೂ ನೋಡಿಲ್ಲ. ಹೊಲದ ಬದಿಗಿ ಅವನ ಹಿತ್ತಲದ ಮಣ್ಣಗ್ವಾಡಿ. ಗ್ವಾಡಿ ಈಚಿಗಿ ಬೇವಿನ ಗಿಡ, ಗಿಡದ ತುಂಬ ಜ್ವಾಳದ ತೆನಿ ಕಟ್ಟಿ ಇಳಿಬಿಟ್ಟಿರ್ತಿದ್ದ. ಕೂಲಿಗಿ ಬಂದ ಜ್ವಾಳದಾಗ ಮೊದಲನೇ ಪಾಲು ಆ ಗಿಡಕ್ಕ, ಉಳದದ್ದು ಅವನ ರೊಟ್ಟಿಗಿ.

"ಹಿಂಗ್ಯಾಕ ಕಾಕಾ?" ಅಂತ ಕೇಳಿದ್ರ, "ಅಟ್ಟದ ಮ್ಯಾಲ ನಾ ಗೌಡನ ನೌಕರ, ಹಿತ್ತಲದಾಗ ಇವುಗಳ ನೌಕರ. ಎರಡೂ ಕಡಿ ನನ್ನ ಹಾಜರಿ ಬರಾಬರಿ ಅದ ನೋಡು," ಅಂತಿದ್ದ.

ಗೌಡರ ಜೋಡಿ ಅವನದೊಂದು ಕರಾರ ಇತ್ತು. ಗ್ವಾಡಿಗಿ ಹತ್ತಿ ಇರೋ ಒಂದು ಸಾಲು ಜ್ವಾಳ ಹಕ್ಕಿಗಿ ಬಿಡಬೇಕು. ಅದಕ್ಕ ಊರ ಮಂದಿ ಹಕ್ಕಿ ಸಾಲು ಅಂತಿದ್ರು. ಆ ಸಾಲಿನ ಕಡಿ ಕಾಕಾ ಕವಣಿ ಬೀಸ್ತಿರಲಿಲ್ಲ. ರಾಶಿ ಆದ್ಮ್ಯಾಲೂ ಅದು ಹೊಲದಾಗ ನಿಂತೇ ಇರ್ತಿತ್ತು, ಮೈ ಎಲ್ಲಾ ಗುಬ್ಬಿ ಹೊತ್ತಕೊಂಡು.

ನಾ ಯಾರಂದ್ರ, ಅವನ ಬಾಜೂ ಮನಿಯಾಂವ. ಬೀದರದಾಗ ಮೂರ ಸಲ ಮ್ಯಾಟ್ರಿಕ್ ಕುಂತು, ಮೂರೂ ಸಲ ಉರ್ದುದಾಗ ನಪಾಸಾಗಿ, ಇಪ್ಪತ್ತ ವರ್ಷಕ್ಕ ಭಾಲ್ಕಿ ಹತ್ತಿರದ ನಮ್ಮೂರಿಗಿ ಮಾರಿ ಮುಚ್ಚಕೊಂಡ ಬಂದಾಂವ. ಮಾರಿ ಮುಚ್ಚಿದ್ದೆ ಖರೇ, ಬಾಯಿ ಮುಚ್ಚಿರಲಿಲ್ಲ. ನನಗ ಒಂದ ಮಾತ ಸಿಕ್ರ ಅದಕ್ಕ ಹತ್ತ ಮಾತ ಸೇರಸಿ ಹೇಳ್ಲಿಲ್ಲಂದ್ರ ಉಂಡದ್ದ ಕರಗ್ತಿರಲಿಲ್ಲ.

ಹಕ್ಕಿ ನೋಡೋದ ಕಲಸು ಅಂತ ಕಾಕಾನ ಬೆನ್ನ ಹತ್ತಿದೆ. ಮೊದಲನೇ ದಿನ ಬೀದರದಾಗ ಹೊಲಸಿದ ಹೊಸಾ ಬಿಳಿ ಅಂಗಿ ಹಾಕ್ಕೊಂಡು ಬೇವಿನ ಗಿಡದ ಕೆಳಗ ಸಾಹೇಬನಂಗ ಕುಂತೆ. ಅರ್ಧಾ ತಾಸಿನಾಗ ಆ ಅಂಗಿ ಮ್ಯಾಲ ಗೊರವಂಕಗಳು ನಿಜಾಮನ ಸಂಸ್ಥಾನದ ಪೂರಾ ನಕಾಶ ಬರದ್ವು. ಆಮ್ಯಾಲ ಒಂದ ಸೀನ ಬಂತು. ಆ ಸೀನಿಗಿ ಹಿತ್ತಲ ಖಾಲಿ ಆತು, ಭಾಲ್ಕಿ ಸ್ಟೇಶನ್ದಾಗ ಗಾಡಿನೂ ನಿಂತಿತ್ತಂತ.

"ಹುಚ್ಚಪ್ಯಾಲಿ," ಅಂದ ಕಾಕಾ, "ನೀ ಹಕ್ಕಿ ನೋಡಾಕ ಬಂದೀಯೋ, ಹಕ್ಕಿ ನಿನಗ ನೋಡ್ಲಿ ಅಂತ ಬಂದೀಯೋ?"

ಆದ್ರೂ ಓಡಸ್ಲಿಲ್ಲ. ಒಡದ ಮಡಕಿ ತಳದಾಗ ನೀರ ತುಂಬೋದು ನನ್ನ ಕೆಲಸಾತು. ಹನ್ನೊಂದ ಮಡಕಿ ಇದ್ವು. ನೀರು ಹಕ್ಕಿ ಎದಿ ಮುಳಗೂವಷ್ಟ ಇರಬಾರದು, ಬೆರಳಿನ ಒಂದ ಗೆಣ್ಣಿನಷ್ಟೇ ಇರಬೇಕು. ಮೂಲ್ಯಾಗ ಸಣ್ಣ ಮಣ್ಣ ಜರಡಿ ಹಿಡದು ಹಾಕ್ತಿದ್ದ, ಗುಬ್ಬಿ ಅದರಾಗ ಹೊಳ್ಳಾಡಿ ಜಳಕಾ ಮಾಡ್ತಿದ್ವು. ಒಂದ ವರ್ಷ ಗೂಟಕ್ಕ ಹಾಕಿದ ಅವನ ರುಮಾಲದಾಗ ಗುಬ್ಬಿ ತತ್ತಿ ಇಟ್ಟಿತ್ತು, ಗೌಡರ ಮಗಳ ಲಗ್ನಕ್ಕ ಕಾಕಾ ಬರೀ ತಲೀಲೇ ಹೋಗಿದ್ದ. ಗೌಡರು ಸಿಟ್ಟಾಗಿ "ಇದೇನ ಮಲ್ಕಣ್ಣಾ?" ಅಂದ್ರ, "ಮನ್ಯಾಗ ಬಾಣಂತಿ ಅದಾಳ್ರಿ," ಅಂದ.

ಅಂವ ಬರೀ ಹಿತ್ತಲದ ಹಕ್ಕಿ ನೋಡ್ತಿರಲಿಲ್ಲ, ಹಕ್ಕಿ ನೋಡಿ ಹೊಲ ಓದ್ತಿದ್ದ. ಜ್ವಾಳ ಆಳೆತ್ತರ ಬೆಳದಾಗ ಒಳಗ ಏನದ ಅಂತ ಕಾಣೂದಿಲ್ಲ, ಮ್ಯಾಲ ಏಳೂ ಹಕ್ಕಿ ಕಾಣ್ತಾವ. ಅಟ್ಟದ ಮ್ಯಾಲ ಬಾಜೂಕ ಕುಂದ್ರಸಿಕೊಂಡು ಹೇಳ್ತಿದ್ದ: ಮನುಷ್ಯಾ ನೆಟ್ಟಗ ನಡದ್ರ ಹಕ್ಕಿ ಮ್ಯಾಲ ನೆಟ್ಟಗ ಏಳ್ತಾವ. ಬಗ್ಗಿ ನಡದ್ರ ಬಾಜೂಕ ಜಾರ್ತಾವ. ಸಣ್ಣ ಕೂಸು ನಡದ್ರ ಒಂದ ಗೇಣ ಎದ್ದು ಅದರ ಹಿಂದೇ ಕುಂದ್ರತಾವ.

ಇಂಥಾದ್ದೊಂದು ಕೇಳಿ ನಾ ಸುಮ್ಕ ಇರ್ತೀನೇನ್ರಿ? ಮರುದಿನಾನೇ ಭಾಲ್ಕಿ ಹೋಟೆಲ್ದಾಗ ಚಾದ ಬಸಿ ಹಿಡದು ಶುರೂ ಮಾಡದೆ. "ನಮ್ಮ ಕಾಕಾ ಹಕ್ಕಿ ಎದ್ದದ್ದ ನೋಡಿ, ಹೊಲದಾಗ ಯಾವ ಜಾತಿಯಾಂವ ಅದಾನ, ಮುಂಜಾನಿ ಏನ ತಿಂದಾನ, ಎಡಗಾಲಿನ ಚಪ್ಪಲಿ ಉಂಗಟ ಹರದದೋ ಇಲ್ಲೋ, ಎಲ್ಲಾ ಹೇಳ್ತಾನ!" ಹೋಟೆಲ್ ಎಲ್ಲಾ ನಕ್ತು. ನನ್ನ ಬೆನ್ನ ಹಿಂದಿನ ಬಾಂಕಿನ ಮ್ಯಾಲ ಕುಂತಾಂವ ಒಬ್ಬ ನಗಲಿಲ್ಲ. ಅಂವ ಖಾಕಿ ಅಂಗಿ ಹಾಕಿದ್ದ.

ಆ ವರ್ಷ ಖಾಕಿ ಅಂಗಿ ಅಂದ್ರ ಏನಂತ ನಮ್ಮ ಕಡಿ ಯಾರಿಗೂ ಬಿಡಸಿ ಹೇಳಬೇಕಾಗಿಲ್ಲ. ನಿಜಾಮನ ಕಡಿ ಮಂದಿ ಅವ್ರು, ಸಂಸ್ಥಾನ ಇಂಡಿಯಾದಾಗ ಕೂಡಬೇಕು ಅಂದವರಿಗಿ ಹುಡಕ್ಕೋತ ಊರೂರು ತಿರಗ್ತಿದ್ರು. ಅವ್ರು ಹೋದ ಊರಾಗ ಮುಂಜಾನಿ ಒಲಿ ಹತ್ತತಿರಲಿಲ್ಲ.

ನಾಕ ದಿನಕ್ಕ ನಮ್ಮೂರಿಗೂ ಬಂದ್ರು. ಐದ ಮಂದಿ, ಮುಂದ ಅವರ ಜಮಾದಾರ. ನಾ ಹಿತ್ತಲದಾಗ ನೀರ ತುಂಬ್ಲತ್ತಿದ್ದೆ. ಖಾಕಿ ಕಂಡಿದ್ದೇ ತಡ, ಗ್ವಾಡಿ ಜಿಗದು ಜ್ವಾಳದಾಗ ಹೊಕ್ಕೆ. ಜಿಗದಾಂವ ನಾ ಒಬ್ಬನೇ, ಧೋತ್ರ ಗ್ವಾಡಿ ಮ್ಯಾಲೇ ಉಳೀತು. ಲಂಗೋಟಿ ಮ್ಯಾಲ ಬಗ್ಗಿ ಓಡ್ಲತ್ತೀನಿ, ತಲಿ ಮ್ಯಾಲ ಗುಬ್ಬಿ ಹಿಂಡು ಡಂಗುರ ಸಾರ್ಲತ್ತದ, ಇಲ್ಲಿ ಅದಾನ, ಇಲ್ಲಿ ಅದಾನ ಅಂತ.

ಜಮಾದಾರ ಅಟ್ಟದ ಬುಡಕ್ಕ ಬಂದು ನಿಂತ. "ಬುಡ್ಡಾ, ನಿನಗ ಹಕ್ಕಿ ಮಾತ ತಿಳೀತದಂತ. ಎರಡ ಮಂದಿ ಬದಮಾಶರು ಈ ಕಡಿ ಓಡಿ ಬಂದಾರ. ಅಲ್ಲಿ ಹಕ್ಕಿ ಯಾಕ ಎದ್ವು?"

ಕಾಕಾ ಕಣ್ಣಿಗಿ ಕೈ ಅಡ್ಡ ಹಿಡದು ನೋಡ್ದ. "ಹಂದಿ ಅದರಿ ಸಾಹೇಬ್ರ."

"ಹಂದಿನೋ, ಮನುಷ್ಯಾನೋ?"

"ಹಂದಿನೇ. ಮನುಷ್ಯಾ ಇಷ್ಟ ದಡ್ಡ ಇರೂದಿಲ್ರಿ."

ಜಮಾದಾರ ನಕ್ಕ. "ಹಂಗಾದ್ರ ಹೊಡಿ."

ಕವಣಿ ತಿರಗೂ ಸಪ್ಪಳ ಕೇಳ್ತು. ಮೊದಲನೇ ಕಲ್ಲು ನನ್ನ ಬಲಗಿವಿಗಿ ಒಂದ ಮೊಳ ದೂರ ಬಿತ್ತು, ಎರಡನೇದು ಎಡಗಿವಿಗಿ ಒಂದ ಗೇಣು. ಮೂರನೇದಕ್ಕ ನಾ ಜೀವಾ ಕೈಯಾಗ ಹಿಡಕೊಂಡು ಹಂದಿ ಹಂಗ ಗುರ್ರ್ ಅಂದೆ. ಮೂರ ಸಲ ನಪಾಸಾದಾಂವ ಆವತ್ತ ಒಂದ ಪರೀಕ್ಷಾ ಪಾಸಾದೆ. ಖಾಕಿಯವರೆಲ್ಲಾ ಕಿಸಕ್ಕ ಅಂದ್ರು. ಜಮಾದಾರ ಮಾತ್ರ ಹೋಗೂ ಮುಂದ ತಿರಗಿ ನಿಂತು, "ನಿನ್ನ ಕಣ್ಣ ಭಾಳ ಛಲೋ ಅವ ಬುಡ್ಡಾ. ಮತ್ತ ಬೇಕಾಗ್ತಾವ," ಅಂದ.

ಅವ್ರು ಹೋದ ಮ್ಯಾಲ ಕಾಕಾ ನನ್ನ ಧೋತ್ರ ತಂದು ಕೊಟ್ಟ. ಬೈತಾನ ಅಂದಕೊಂಡಿದ್ದೆ, ಬೈಲಿಲ್ಲ. "ಅರವತ್ತ ವರ್ಷ ಹಕ್ಕಿ ನೋಡೀನಿ, ಯಾರ ಮ್ಯಾಲೂ ಚಾಡಿ ಹೇಳಿಲ್ಲ," ಅಂದ. "ನನ್ನ ಕಣ್ಣು ಬ್ಯಾಟಿನಾಯಿ ಮೂಗ ಆಗಬಾರದು. ಅದಕ್ಕಿಂತ ಕುರುಡಾದ್ರ ಛಲೋ. ನಾಕ ಮಂದ್ಯಾಗ ನನ್ನ ಹೆಸರ ತಗೀಬ್ಯಾಡಪಾ. ಕಾಲು ಬೀಳ್ತೀನಿ."

ಅರವತ್ತ ದಾಟಿದಾಂವ ಇಪ್ಪತ್ತರಾಂವಗ ಕಾಲು ಬೀಳ್ತೀನಿ ಅಂದ್ರ ಯಾರಿಗಾದ್ರೂ ಬುದ್ಧಿ ಬರಬೇಕು. ನನಗ ಎಂಟ ದಿನ ಬಂದಿತ್ತು. ಆಮ್ಯಾಲ ಕಟ್ಟಿ ಮ್ಯಾಲ ಹುಡುಗ್ರು ಕುಂತಾಗ ಹಂದಿ ಕಥಿ ಬಾಯಿಂದ ಜಾರ್ತು. ಎಷ್ಟ ನಕ್ರು ಅಂದ್ರ, ಮರುದಿನ ಮತ್ತ ಹೇಳದೆ, ಈ ಸಲ ಗುರ್ರ್ ಅನ್ನೋದೂ ಸೇರಸಿ. ಔರಾದ ಸಂತಿಗಿ ಹೋದಾಗ ಅಲ್ಲಿನೂ ಹೇಳದೆ.

ಬ್ಯಾಸಗಿ ಹೋತು, ಮಳಿಗಾಲ ಬಂತು. ಊರಾಗ ಒಂದೊಂದೇ ಮನಿ ಬಾಗಲಾ ಹಾಕ್ಕೊಂಡು ಹೊಂಟ್ವು, ಯಾರೂ ಯಾರಿಗೂ ಎಲ್ಲಿಗಂತ ಹೇಳ್ತಿರಲಿಲ್ಲ. ಕಾಕಾನ ತಂಗಿ ಚಿಂತಾಕಿಯಿಂದ ಬಂದು "ನಮ್ಮ ಕಡಿ ನಡಿ" ಅಂತ ಅತ್ಲು. ಕಾಕಾ ಬೇವಿನ ಗಿಡ ತೋರಸಿ, "ಇವಕ್ಕ ಯಾರ ಹೇಳೋರು?" ಅಂದ.

ಮತ್ತ ಹೊಲದಾಗ ಜ್ವಾಳ ಆಳೆತ್ತರಾಗಿ ತೆನಿ ಹಾಲ ಹಿಡೀತು. ಕಾಕಾ ಅಟ್ಟ ಹತ್ತಿದ. ಆವಾಗೇ ಪೋಲೀಸ್ ಆಕ್ಷನ್ ಆತು, ಇಂಡಿಯಾದ ಫೌಜು ಸಂಸ್ಥಾನದಾಗ ಹೊಕ್ತು. ಬೀದರ ಕಡಿಗಿ ವಿಮಾನ ಗುಂಯ್ ಅಂತ ಹೋದ ದಿನ ಹಕ್ಕಿ ಒಂದೂ ತೆನಿಗಿ ಬಾಯಿ ಹಚ್ಚಲಿಲ್ಲ, ಗಿಡದ ಒಳಗ ರೆಕ್ಕಿ ಮುದುಡಿ ಕುಂತ್ವು. ಐದ ದಿನದಾಗ ಎಲ್ಲಾ ಮುಗೀತಂದ್ರು. ಖಾಕಿ ಅಂಗಿ ಬಾವ್ಯಾಗ ಬಿದ್ವು, ತಿಪ್ಪ್ಯಾಗ ಹುಗದ್ರು. ಊರೆಲ್ಲಾ ಸಕ್ಕರಿ ಹಂಚ್ತು. ನಾನೂ ಕುಣದೆ, ಕುಣಿಯೂ ಮುಂದ ಚರಂಡ್ಯಾಗ ಬಿದ್ದೆ.

ಕಾಕಾ ಸಕ್ಕರಿ ಇಸಗೊಂಡ, ತಿನ್ನಲಿಲ್ಲ. "ಅಕ್ಕತಂಗೇರ ಹಕ್ಕಿ ಇನ್ನ ಗದ್ಲ ಮಾಡ್ಲತ್ತಾವ," ಅಂದ. ಏಳೆಂಟ ಕೂಡಿ ತಿರಗೂ ಆ ಬೂದಿ ಹಕ್ಕಿ, ಹಾವ ಕಂಡ್ರ ಹಂಗ ಒದರ್ತಾವ. "ಏನೋ ಹೊಂಟದ ಇನ್ನಾ."

ಮರುದಿನ ಮಧ್ಯಾಹ್ನ ಭಾಲ್ಕಿ ಕಡಿ ಹೊಗಿ ಎದ್ದಿತ್ತು, ಈಗ ಖಾಕಿಯವರಿಗಿ, ಅವರ ಮನಿ ಮಂದಿಗಿ ಹುಡಕಿ ಹೊಡೀಲತ್ತಿದ್ರು. ಭೀಮ್ಯಾ ಬಂದ. ಭೀಮ್ಯಾ ನನ್ನ ಸಾಲಿ ಗೆಳ್ಯಾ, ಹೋದ ವರ್ಷ ಅವನ ಅಣ್ಣಗ ಖಾಕಿಯವರು ಒಯ್ದಿದ್ರು, ತಿರಗಿ ಬಂದಿರಲಿಲ್ಲ. ಅವನ ಹಿಂದ ಹತ್ತ ಹುಡುಗ್ರು, ಕೈಯಾಗ ಕೊಡ್ಲಿ.

"ಕಾಕಾ, ಆ ಜಮಾದಾರ ನಿನ್ನ ಹೊಲದಾಗ ಹೊಕ್ಕಾನ. ಎಲ್ಲಿ ಅದಾನ ಹೇಳು."

ಕಾಕಾ ಹೊಲ ನೋಡ್ದ. ನಾನೂ ನೋಡದೆ. ನಡುವ ಒಂದ ಕಡಿ ಗುಬ್ಬಿ ಕುಂದ್ರವಲ್ಲವು, ಮತ್ತ ಮತ್ತ ಸುತ್ತಲತ್ತಾವ.

"ಹಂದಿ ಅದಪಾ," ಅಂದ ಕಾಕಾ.

ಹುಡುಗ್ರು ಹೋ ಅಂತ ನಕ್ರು. ಭೀಮ್ಯಾ ನಗಲಿಲ್ಲ. "ಹೋದ ಸಲದ ಹಂದಿ ಯಾರಂತ ನಮಗ ಗೊತ್ತದ ಕಾಕಾ. ಇಂವ ಊರಿಗೆಲ್ಲಾ ಹೇಳ್ಯಾನ." ನನ್ನ ಹೆಗಲ ಮ್ಯಾಲ ಕೈ ಹಾಕಿದ, ಗೆಳ್ಯಾನಂಗೇ.

ಕಾಕಾ ನನಗ ನೋಡ್ದ. ಆ ನೋಟದಾಗ ಸಿಟ್ಟಿದ್ರ ನಾ ಇವತ್ತ ಇದನ್ನ ಬರೀತಿರಲಿಲ್ಲ. ಸಿಟ್ಟಿರಲಿಲ್ಲ. ಅಂವ ಕವಣಿ ಅಟ್ಟದ ಮ್ಯಾಲೇ ಬಿಟ್ಟು ಕೆಳಗ ಇಳದ. "ನೀವೆಲ್ಲಾ ಹೊಕ್ರ ಬೆಳಿ ಹಾಳಾಗ್ತದ. ಹಾಲ ತುಂಬಿದ ತೆನಿ ಅವ. ನಾ ಹೋಗಿ ಎಬ್ಬಸ್ತೀನಿ, ನಿಂದರ್ರಿ," ಅಂದು ಜ್ವಾಳದಾಗ ನಡದ.

"ನೀ ಮ್ಯಾಲ ಹತ್ತು," ಭೀಮ್ಯಾ ನನಗ ಅಂದ. "ಮುದುಕ ನಿನಗೂ ಕಲಿಸ್ಯಾನಲ್ಲ. ನೋಡಿ ಹೇಳು."

ಹತ್ತದೆ. ಕಾಕಾನ ಹಾದಿ ಮ್ಯಾಲ ಹಕ್ಕಿ ನೆಟ್ಟಗ ಏಳ್ಲತ್ತಿದ್ವು, ದಾರ ಎಳದಂಗ. ನಡುವ ಹೋಗಿ ಆ ದಾರ ನಿಂತಿತು. ಭಾಳ ಹೊತ್ತ ನಿಂತಿತು. ಆಮ್ಯಾಲ ಹೊಂಟಿತು, ಆದ್ರ ನಮ್ಮ ಕಡಿ ಅಲ್ಲ, ದಕ್ಷಿಣಕ್ಕ, ಹಳ್ಳದ ಕಡಿ. ಈಗ ನೆಟ್ಟಗ ಏಳೂ ಹಕ್ಕಿ ಹಿಂದ ಬಾಜೂಕ ಜಾರೂ ಹಕ್ಕಿ ಇದ್ವು. ಅವುಗಳ ಹಿಂದ ಕೆಲವು ಒಂದೇ ಗೇಣ ಎದ್ದು ಕುಂದ್ರಲತ್ತಿದ್ವು.

ಜಮಾದಾರನೋ, ಅವನ ಹೆಣ್ತಿನೋ, ಮತ್ಯಾರೋ, ಇವತ್ತಿಗೂ ನನಗ ಗೊತ್ತಿಲ್ಲ. ಒಂದು ಕೂಸಿತ್ತು, ಅಷ್ಟು ಗೊತ್ತು.

"ಏನ ಕಾಣ್ತದೋ?" ಭೀಮ್ಯಾ ಒದರಿದ.

ನನ್ನ ಜಲ್ಮದಾಗ ಮೊದಲನೇ ಸಲ ನನಗ ಹತ್ತ ಮಾತ ಹೊಳೀಲಿಲ್ಲ. "ಉತ್ತರಕ್ಕ," ಅಂದೆ. "ಒಬ್ಬನೇ ಅದಾನ."

ಕೊಡ್ಲಿ ಹಿಡದವರು ಉತ್ತರಕ್ಕ ಓಡಿದ್ರು. ನಾ ಅಟ್ಟದ ಕಂಬ ಹಿಡದು ದಕ್ಷಿಣ ನೋಡ್ಲತ್ತೆ. ಹಳ್ಳದ ದಂಡಿ ಇನ್ನ ನೂರ ಹೆಜ್ಜಿ ಇತ್ತು. ಆವಾಗ ಹಳ್ಳದ ಆಚಿಗಿ, ಮತ್ತೊಬ್ಬರ ಹೊಲದಾಗ, ಒಂದ ಹಿಂಡು ಒಮ್ಮೆಲೇ ಛತ್ರಿ ಬಿಚ್ಚಿದಂಗ ಎದ್ದಿತು. ಅದನ್ನ ಕಾಕಾ ಕಲಸಿರಲಿಲ್ಲ, ಕಲಸೂದೂ ಬೇಕಾಗಿರಲಿಲ್ಲ. ಆಚಿಗಿ ಓಡಿ ಬರೋರಿಗಿ ಹೊಂಚ ಹಾಕಿ ಮಂದಿ ಕುಂತಿದ್ರು, ಈಗ ಎದ್ದ ನಿಂತ್ರು.

ಕಾಕಾ ಅಂತ ಒದರಬೇಕಿತ್ತು. ಒದರಿದ್ರ ಭೀಮ್ಯಾ ತಿರಗ್ತಿದ್ದ. ಬಾಯಿ ತಗದೆ, ಮುಚ್ಚದೆ. ಜ್ವಾಳದ ಮ್ಯಾಲಿನ ಆ ದಾರ ಹಳ್ಳದ ತನಕ ಹೋತು. ಹಳ್ಳದಾಗ ಇಳದ ಮ್ಯಾಲ ಕಾಣಲಿಲ್ಲ.

ಮಲ್ಕಣ್ಣ ಕಾಕಾ ತಿರಗಿ ಬರಲಿಲ್ಲ. ಹಳ್ಳಕ್ಕ ಆ ವಾರ ಮಳಿ ನೀರ ಬಂದಿತ್ತು, ಹುಡುಕಿದವರಿಗಿ ಏನೂ ಸಿಗಲಿಲ್ಲ. ಚಿಂತಾಕಿ ತಂಗಿ ಬಂದು, "ಎಲ್ಲ್ಯಾರ ಬದಕಿರ್ತಾನೇನೋ?" ಅಂತ ನನ್ನ ಮಾರಿ ನೋಡಿ ಕೇಳಿದ್ಲು. ಸುಳ್ಳ ಹೇಳೋದ್ರಾಗ ನನ್ನಂಥಾಂವ ಭಾಲ್ಕಿ ತಾಲ್ಲೂಕಿನಾಗ ಇಲ್ಲ. ಆಕಿಗಿ ಒಂದ ಸುಳ್ಳ ಹೇಳಾಕ ಆಗಲಿಲ್ಲ.

ಈಗ ತೆನಿ ನಾನೇ ಕಟ್ತೀನಿ, ನೀರ ನಾನೇ ತುಂಬ್ತೀನಿ. ಹಕ್ಕಿ ಬರ್ತಾವ, ನನ್ನ ಸೀನಿಗಿನೂ ಹೊಂದಕೊಂಡಾವ. ತಾಸಗಟ್ಲೆ ಕುಂತು ನೋಡ್ತೀನಿ. ಹಳ್ಳದ ಕಡಿ ಹಿಂಡ ಎದ್ರ ಮಾತ್ರ ನೋಡೂದಿಲ್ಲ. ಎದ್ದು ಒಳಗ ಹೋಗಿ ಬಾಗಲಾ ಹಾಕ್ಕೋತೀನಿ.